ಸಪ್ಪಲಮ್ಮನ ಹೆಸರಿನ ಸೂಜಿ

ದೊಡ್ಡಬಳ್ಳಾಪುರ, 8 ಜುಲೈ 1970

ಇವತ್ತೂ ಲಾಳಿ ಹಾರಿ ನೆಲಕ್ಕೆ ಬಿತ್ತು. ಕೈ ಮಗ್ಗದಲ್ಲಿ, ಕಿವಿ ಅಕ್ಕನ ಕೆಮ್ಮಿನಲ್ಲಿ. ಮಧ್ಯಾಹ್ನ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಟಿ.ಬಿ. ದಿನಾ ಸೂಜಿ ಹಾಕಿಸಬೇಕಂತೆ, ನಡುವೆ ಬಿಡಬಾರದಂತೆ. ಸರ್ಕಾರದ ಸೂಜಿ, ಬಿಟ್ಟಿ. ಆದರೆ ರೇಷನ್ ಕಾರ್ಡ್ ಬೇಕು.

“ಯಾವೂರಪ್ಪಾ?” ಕಾಂಪೌಂಡರ್ ಕೇಳಿದರು.

“ಸಿಲೋನಿಂದ ಬಂದ್ವಿ ಸಾ. ತಾತ ಸೇಲಂ ಕಡೆಯೋರು. ಮನೆಮಾತು ಕನ್ನಡಾನೇ.”

“ಮಾತು ನೋಡಿ ಔಷ್ದಿ ಕೊಡಕ್ಕಾಯ್ತದಾ? ಪಾಸ್‌ಪೋರ್ಟ್ ಐತಾ?”

ಕಳ್ಳದೋಣಿಯಲ್ಲಿ ಬಂದವರ ಹತ್ತಿರ ಏನಿರುತ್ತದೆ...

“ಸರ್ಕಾರ ಕೊಡೋದು ಊರೋರ್ಗೇ ಸಾಲ್ತಿಲ್ಲ. ಜಾಗ ಬಿಡು ಗುರು.”

ಈ ಊರಿನ ಹೆಂಗಸರು ಉಡುವ ಸೀರೆ ನಾನು ನೇಯುತ್ತೇನೆ.

10 ಜುಲೈ

ಮಗ್ಗದ ಯಜಮಾನಿ ಮುನಿಲಕ್ಷ್ಮಮ್ಮ ತಾವಾಗಿಯೇ ಕಾರ್ಡ್ ತಂದುಕೊಟ್ಟರು. ಅವರ ಸೊಸೆ ಸಪ್ಪಲಮ್ಮ ಹೋದ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು. ಕಾರ್ಡಿನಿಂದ ಹೆಸರು ತೆಗೆಸಿಲ್ಲ.

“ಅವ್ಳಿಗಂತೂ ಇನ್ ಬೇಡ. ನಿಮ್ಮಕ್ಕನಾರ ಉಳ್ಕೊಳ್ಳಿ.”

ಕಾಲಿಗೆ ಬಿದ್ದೆ.

13 ಜುಲೈ

ಸೂಜಿ ಶುರು. ಕಾಂಪೌಂಡರ್ ಕಾರ್ಡ್ ನೋಡಿದರು, ಅಕ್ಕನ ಮುಖ ನೋಡಿದರು. ಸಪ್ಪಲಮ್ಮ ಎಂದೇ ಬರೆದುಕೊಂಡರು.

ಆಮೇಲೆ ಎಡವಟ್ಟು — ನರ್ಸಮ್ಮ “ಸಪ್ಪಲಮ್ಮಾ” ಎಂದು ಕೂಗಿದರೆ ಅಕ್ಕ ಗೋಡೆ ನೋಡುತ್ತಾ ಕೂತಿದ್ದಾಳೆ! ತಿವಿದು ಎಬ್ಬಿಸಿದೆ. ಇನ್ನು ಮನೆಯಲ್ಲೂ ಅದೇ ಹೆಸರು. ಅಭ್ಯಾಸ ಆಗಲಿ.

“ಸಪ್ಪಲಮ್ಮಾ, ಮುದ್ದೆ ಇಕ್ಕು.”

“ಬಂದೇ... ಲೇ, ಸತ್ತೋಳ ಕೈಲಿ ಉಣ್ತೀಯೇನೋ?” ನಕ್ಕಳು. ನಕ್ಕು ಕೆಮ್ಮಿದಳು.

6 ಸೆಪ್ಟೆಂಬರ್

ಕೆನ್ನೆಗೆ ರಂಗು ಬಂದಿದೆ. ಕೂತು ನೂಲು ಸುತ್ತುತ್ತಾಳೆ. ಎಲ್ಲಿಂದ ಸಪ್ಪಲಮ್ಮಾ ಎಂದು ಕೂಗಿದರೂ ತಕ್ಷಣ “ಬಂದೇ”. ಮಾರಕ್ಕ ಅನ್ನುವ ಅವಳ ಸ್ವಂತ ಹೆಸರು ಅವಳಿಗೇ ಮರೆತಿರಬೇಕು.

30 ಸೆಪ್ಟೆಂಬರ್, ಮಹಾಲಯ ಅಮಾವಾಸ್ಯೆ

ಯಜಮಾನಿಯ ಮನೆಯಲ್ಲಿ ಎಡೆ. ತೀರಿಕೊಂಡವರನ್ನು ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ಅಕ್ಕ ಹಿತ್ತಲಲ್ಲಿ ಬಾಳೆಲೆ ತೊಳೆಯುತ್ತಿದ್ದಳು. ಮುನಿಲಕ್ಷ್ಮಮ್ಮ ಸೊಸೆಯ ಸೀರೆ ಇಟ್ಟು, ಧೂಪ ಹಾಕಿ, ಅಳುತ್ತಾ ಕರೆದರು: “ಸಪ್ಪಲಮ್ಮಾ, ಬಾರವ್ವಾ...”

“ಬಂದೇ!”

ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಸಪ್ಪಲಮ್ಮನ ಗಂಡ ಎದ್ದು ಹೊರಗೆ ಹೋದ.

1 ಅಕ್ಟೋಬರ್

ಕಾರ್ಡ್ ವಾಪಸ್. ಮುನಿಲಕ್ಷ್ಮಮ್ಮ ಬೈಯಲಿಲ್ಲ. ಕಣ್ಣು ಊದಿತ್ತು.

“ನನ್ ಸೊಸೆಗೆ ಇಕ್ಕಿದ್ದು ಮುಟ್ಲಿಲ್ಲ ಕಣಪ್ಪಾ. ಅವ್ಳ ಹೆಸ್ರು ಅವ್ಳಿಗೆ ಬಿಟ್ಬಿಡಿ.”



5 ಅಕ್ಟೋಬರ್

ಕಾರ್ಡಿಲ್ಲದೆಯೇ ಹೋದೆವು. ಕಾಂಪೌಂಡರ್ ಪಕ್ಕಕ್ಕೆ ಕರೆದು ಮೆಲ್ಲಗೆ — “ಕಾರ್ಡ್ ಇದ್ದಾಗ ಕಣ್ ಮುಚ್ಕೊಂಡಿದ್ದೆ ಕಣಯ್ಯಾ. ಈಗ ಯಾರ ಹೆಸ್ರು ಬರೀಲಿ?”

ದಾರಿಯಲ್ಲಿ ಅಕ್ಕ: “ನಾನ್ ಸತ್ರೆ ನನ್ ಹೆಸ್ರಲ್ಲೇ ಕರಿಯೋ. ಬೇರೆಯೋರ ಎಲೆಗೆ ಕೂರಲ್ಲ.”

“ಮುಚ್ಚು ಬಾಯಿ” ಅಂದೆ.

14 ಜನವರಿ 1971

ಸಂಕ್ರಾಂತಿ. ನಮ್ಮ ಬಾಗಿಲಿಗೆ ಯಾರೂ ಎಳ್ಳು ಬೀರಲು ಬರಲಿಲ್ಲ. ಕೆಮ್ಮು ಬೀದಿಗೆ ಕೇಳುತ್ತದೆ. ಬಟ್ಟೆ ಒಗೆದಷ್ಟೂ ಕೆಂಪು...

19 ಸೆಪ್ಟೆಂಬರ್ 1971, ಮಹಾಲಯ ಅಮಾವಾಸ್ಯೆ

ಅಕ್ಕ ಹೋದಮೇಲೆ ಮೊದಲ ಎಡೆ. ಎಲೆ ಹಾಸಿದೆ. ಅನ್ನ, ಸಾರು, ಸಿಲೋನಿನಲ್ಲಿ ಅವಳು ಮಾಡುತ್ತಿದ್ದ ಹಾಗೆ ತೆಂಗಿನ ತುರಿಗೆ ಒಣಮೆಣಸಿನಕಾಯಿ. ಬಾಗಿಲಲ್ಲಿ ಮುನಿಲಕ್ಷ್ಮಮ್ಮ. ಒಳಗೆ ಬಂದು ಎಲೆಯ ತುದಿಗೆ ಒಂದು ಬಾಳೆಹಣ್ಣು ಇಟ್ಟರು.

“ಕರಿಯಪ್ಪಾ. ಹೆಸ್ರು ಹಿಡಿದು ಕರಿ.”

ಹುಟ್ಟಿದಾಗಿನಿಂದ ಬರೀ ಅಕ್ಕ ಅಂದವನು. ಹೆಸರು ಹಿಡಿದು ಕರೆದದ್ದು ಆ ಮೂರು ತಿಂಗಳು ಮಾತ್ರ. ಕಣ್ಣು ಮುಚ್ಚಿದೆ. ಬಾಯಿ ತೆರೆದೆ. “ಸಪ್ಪ—”