ಬಿರಡೆ ಹಾಕಿದ ಕಣ್ಣಿನ ನೀರು

ಪುಟ್ಟೀ,

ಈ ಎರಡು ಬಿರಡೆಗೆ ಕೊಟ್ಟ ದುಡ್ಡಿನಲ್ಲಿ ಒಳ್ಳೆಯದೊಂದು ಮಿಕ್ಸಿ ಬರುತ್ತಿತ್ತು. ನೋಡಿದರೆ ರವೆಕಾಳಿನಷ್ಟೂ ದಪ್ಪವಿಲ್ಲ. ನನ್ನ ಕಣ್ಣು ಒಣಗದಿರಲಿ ಎಂದು, ಕಣ್ಣೀರು ಮೂಗಿನೊಳಕ್ಕೆ ಇಳಿದುಹೋಗುವ ತೂತಿಗೆ ಡಾಕ್ಟರು ಅದನ್ನು ಹಾಕಿದ್ದಾರೆ. ನೀರು ಹೆಚ್ಚಾದರೆ ಕೆನ್ನೆಯ ಮೇಲೆಯೇ ಇಳಿಯುತ್ತದೆ. ನಿನಗೆ ಇದನ್ನು ಮೊದಲೇ ಹೇಳಬೇಕಿತ್ತು.

ನಿನ್ನೆ ಊಟಕ್ಕೆ ಕೂತಾಗ "ಅತ್ತೆ, ಮತ್ತೆ ಬೇಕರಿ ಕೆಲಸಕ್ಕೆ ಹೋಗ್ಲಾ? ಪಾಪುನ ನೀವು ನೋಡ್ಕೋತೀರಾ?" ಎಂದು ಕೇಳಿದೆಯಲ್ಲ, ನನಗೆ ಖುಷಿಯೇ ಆಯಿತು. ಹೂಂ ಎನ್ನುವಷ್ಟರಲ್ಲಿ ಫ್ಯಾನಿನ ಗಾಳಿಗೆ ಕಣ್ಣಲ್ಲಿ ನೀರು ಹರಿಯಿತು. "ಅಯ್ಯೋ, ಅಳಬೇಡಿ ಅತ್ತೆ. ಬರಲ್ಲ ಅಂತ ನಾಳೇನೇ ಫೋನ್ ಮಾಡ್ತೀನಿ" ಎಂದವಳೇ ನೀನು ಎದ್ದು ಹೋಗಿ ಬಾಗಿಲು ಹಾಕಿಕೊಂಡೆ. ನಿನ್ನ ಗಂಡ "ಅಮ್ಮಂದು ಮೊಸಳೆ ಕಣ್ಣೀರು ಕಣೇ" ಎಂದು ಕೂಗಿದ. ಅವನ ಬಾಯಲ್ಲಿ ಅರ್ಧವಾದರೂ ನಿಜ ಬಂದದ್ದು ಅದೇ ಮೊದಲು.

ಫೋನ್ ಮಾಡಬೇಡ. ಮಾಡಿಬಿಟ್ಟಿದ್ದರೆ ಇನ್ನೊಂದು ಸಲ ಮಾಡಿ, ಬರುತ್ತೇನೆ ಎಂದು ಹೇಳು. ಸಂಕೋಚ ಪಟ್ಟುಕೊಂಡು ಕೂತರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

ಡಾಕ್ಟರಿಗೆ ಕಣ್ಣು ತೋರಿಸಿಕೊಂಡು ಮಧ್ಯಾಹ್ನದೊಳಗೆ ಬರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ. ಫ್ಯಾನನ್ನು ಗೋಡೆಯ ಕಡೆಗೆ ತಿರುಗಿಸಿಡು. ಪಾಪುವಿನ ಉಗುರು ಕತ್ತರಿಸು, ಎತ್ತಿಕೊಂಡರೆ ಸಾಕು, ನೇರ ನನ್ನ ಕಣ್ಣಿಗೇ ಕೈ ಹಾಕುತ್ತಾನೆ.

ಕಣ್ಣಿನ ಉರಿ ಹೋಯಿತು, ಅದು ಲಾಭ. ಇನ್ನು ಮೇಲೆ ನಾನು ನಿಜವಾಗಿ ಅತ್ತರೂ ಈ ಮನೆಯಲ್ಲಿ ಯಾರೂ ಹೆದರುವುದಿಲ್ಲ, ಅದು ನಷ್ಟ.

ಅತ್ತೆ