ಮೂರನೇ ಸಲ ಪಾಸಾದ ಔಷಧಿ

ಪ್ರೀತಿಯ ಚೂಟಿ,

ಔಷಧಿಯ ಗುಣಮಟ್ಟ ಪರೀಕ್ಷಿಸುವವರಿಗೆ ಮುಂದೆ ಕೆಲಸ ಸಿಗುತ್ತದಾ ಎಂದು ಕೇಳಿದ್ದೆಯಲ್ಲ, ಧಾರಾಳವಾಗಿ ಸಿಗುತ್ತದೆ. ನಮ್ಮ ಲ್ಯಾಬಿನಲ್ಲಿ ಈ ವರ್ಷವೇ ಮೂವರು ಬಿಟ್ಟರು. ನಾಳೆ ನನ್ನ ಕುರ್ಚಿಯೂ ಖಾಲಿಯಾಗುತ್ತದೆ.

ಅಪ್ಪನ ಕಣ್ಣಿಗೆ ಹಾಕುವ ನಮ್ಮ ಕಂಪನಿಯ ಹನಿ ಔಷಧಿ ನಿಲ್ಲಿಸು, ಎದುರುಮನೆ ಅಜ್ಜಿಗೆ ಕೊಟ್ಟ ಶೀಶೆಯನ್ನೂ ವಾಪಸು ಇಸ್ಕೊ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದೆ. ಯಾಕೆಂದು ಈಗ ಬರೆಯುತ್ತಿದ್ದೇನೆ.

ಆ ಶೀಶೆಗಳ ಬ್ಯಾಚು ನನ್ನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿತ್ತು. ಮ್ಯಾನೇಜರು ಬಂದು, "ಪಾಸಾಗೋವರೆಗೂ ಮಾಡಮ್ಮ. ನಿನ್ನ ಕುರ್ಚಿಗೆ ಹೊರಗೆ ನೂರು ಜನ ಕಾಯ್ತಿದಾರೆ" ಅಂದರು. ಮೂರನೇ ಸಲ ಪಾಸಾಯಿತು. ಅದೊಂದನ್ನೇ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ.

ಫೇಲಾದ ಮೊದಲ ಎರಡು ಪರೀಕ್ಷೆಯ ಹಾಳೆ ಹರಿಯಲು ಮಾತ್ರ ಕೈ ಬರಲಿಲ್ಲ. ನಾಳೆ ತಪಾಸಣೆಗೆ ಬರುವ ಸರ್ಕಾರಿ ಅಧಿಕಾರಿಯ ಕೈಗೆ ಅವನ್ನು ಕೊಡುತ್ತೇನೆ. ನಕಲು ಈ ಲಕೋಟೆಯಲ್ಲಿದೆ, ಜೋಪಾನ.

ಅಪ್ಪನನ್ನೂ ಅಜ್ಜಿಯನ್ನೂ ಕಣ್ಣಿನ ಡಾಕ್ಟರಿಗೆ ತೋರಿಸು. ಅಜ್ಜಿಗೆ ನಿಜ ಹೇಳು. ಶೀಶೆ ಕೊಡುವಾಗ ಅಪ್ಪ, "ನನ್ನ ಮಗಳೇ ಪಾಸು ಮಾಡಿದ್ದು, ಧೈರ್ಯವಾಗಿ ಹಾಕ್ಕೊಳ್ಳಿ" ಅಂದಿದ್ದರಂತೆ. ಅಪ್ಪನಿಗೆ ನಾನೇ ಬಂದು ಹೇಳುತ್ತೇನೆ. ಅಲ್ಲಿಯವರೆಗೆ, ಔಷಧಿ ಅಂಗಡಿಯಲ್ಲಿ ಸಿಗಲಿಲ್ಲ ಅನ್ನು.

ನಿನ್ನ ಅಕ್ಕ