ಶಂಖ ಊದಿದ ಮೇಲೆ ಬಾರದ ಕರೆ

ಲೆಪುಗಾ, ಸವಾಯಿ ದ್ವೀಪ, ಸಮೋವಾ
ಜೂನ್ ೧೧, ಮಂಗಳವಾರ

ಪ್ರೀತಿಯ ಫುವಾತಿನೋ ಅಕ್ಕಾ,

ನಿಮ್ಮ ಮಂಡಿನೋವು ಹೇಗಿದೆ? ಆಕ್ಲೆಂಡಿನಲ್ಲಿ ಚಳಿ ಹಿಡಿದಿರಬೇಕು. ವೃದ್ಧಾಶ್ರಮದ ರಾತ್ರಿ ಪಾಳಿಗೆ ಹೊರಡುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬೇಡಿ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಅಮ್ಮನ ವಿಷಯದಲ್ಲಿ ಹಾಗೆ ಬರೆಯಲಾರೆ. ಅವರ ಕಾಲಿನ ಹುಣ್ಣು ಮಾಯುತ್ತಿಲ್ಲ. ಮಾತು ಮಾತ್ರ ಮೊದಲಿನಷ್ಟೇ ಚುರುಕು. ಸಮೋವಾದಿಂದ ಬರುವ ಯಾವ ಕರೆಯನ್ನೂ ನೀವು ಎತ್ತುತ್ತಿಲ್ಲವಾದ್ದರಿಂದ, ತಮ್ಮ ಮಗಳನ್ನು ನೋಡಲು ಅಲ್ಲಿಗೆ ಬರುತ್ತಿರುವ ಪಾದ್ರಿಯವರ ಹೆಂಡತಿಯ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

"ಎಷ್ಟು ಸಲ ಮಾಡಿದ್ರೂ ರಿಂಗಾಗತ್ತೆ, ಎತ್ತೋರಿಲ್ಲ. ಅಮ್ಮಂಗೆ ನಾನು ಬೇಡವಾದ್ರೆ ನಂಗೂ ಆ ಊರಿನ ಫೋನ್ ಬೇಡ" ಎಂದು ನೀವು ಅಲ್ಲೇ ಇರುವ ಚಿಕ್ಕಪ್ಪನ ಮಗಳಿಗೆ ಹೇಳಿದಿರಂತೆ. ಅಪ್ಪನ ಮಣ್ಣಿಗೆ ನೀವು ಬರಲಾಗದಿದ್ದಾಗ ಅಮ್ಮ ಫೋನಿನಲ್ಲಿ ಆಡಿದ ಮಾತುಗಳ ನಂತರ ಹಾಗೆ ಅನ್ನಿಸುವುದು ಸಹಜ. ಅಕ್ಕನ ಮಾತಿಗೆ ತಮ್ಮನು ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಎದುರಾಡುತ್ತಲೂ ಇಲ್ಲ. ಆದರೆ ನಿಮಗೆ ಕೇಳಿಸಿದ ಆ ರಿಂಗ್ ಅಮ್ಮನ ಹಾಸಿಗೆಯ ಪಕ್ಕದಲ್ಲಿ ಒಮ್ಮೆಯೂ ಮೊಳಗಿಲ್ಲ. ಇದನ್ನು ಅವಳ ಮೂಲಕವೇ ಹೇಳಿ ಕಳಿಸಿದಾಗ "ಎತೆವಾತಿಗೇನು, ಎಲ್ಲ ತಪ್ಪನ್ನೂ ತನ್ನ ಫೋನ್ ಡಬ್ಬದ ಮೇಲೆ ಹಾಕ್ತಾನೆ" ಎಂದು ನಕ್ಕಿರಂತೆ. ಈ ಬಾರಿ ತಪ್ಪು ನಿಜವಾಗಿಯೂ ಡಬ್ಬದ್ದು, ಅಥವಾ ಅದರ ಸುತ್ತ ಇರುವ ನಮ್ಮೆಲ್ಲರದ್ದು.

ಮಹಿಳಾ ಸಮಿತಿಯ ಮನೆಯಲ್ಲಿ ನಾನು ಕೂರಿಸಿರುವ ಆ ಡಬ್ಬ, ಅಂದರೆ ಗೇಟ್‌ವೇ ಇಂಟರ್ನೆಟ್ ಮೂಲಕ ಊರಿನ ಫೋನುಗಳನ್ನು ನಡೆಸುತ್ತದೆ. ಅದು ಆಗಾಗ ಅಪಿಯಾದಲ್ಲಿರುವ ಫೋನ್ ಕಂಪನಿಯ ಕೇಂದ್ರಕ್ಕೆ ತನ್ನ ವಿಳಾಸ ತಿಳಿಸಿ ಹೆಸರು ನೋಂದಾಯಿಸಿಕೊಳ್ಳಬೇಕು. ನಡುನಡುವೆ ಸಣ್ಣದೊಂದು ಸಂದೇಶ ಕಳಿಸಿ ದಾರಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಡಬ್ಬವನ್ನು ಹೇಳದೆ ಕೇಳದೆ ಆರಿಸಿ ಮತ್ತೆ ಹಚ್ಚಿದರೆ ಅದಕ್ಕೆ ಹೊಸ ವಿಳಾಸ ಸಿಗುತ್ತದೆ. ಕೇಂದ್ರವಾದರೋ ಹಳೆಯ ವಿಳಾಸದ ಅವಧಿ ತೀರುವವರೆಗೆ ಹೊಸದನ್ನು ಒಪ್ಪುವುದಿಲ್ಲ. ಅಷ್ಟು ಹೊತ್ತು ನಾವು ಹೊರಗೆ ಕರೆ ಮಾಡಬಹುದು. ಹೊರಗಿನಿಂದ ಬಂದ ಕರೆ ಯಾರೂ ಇಲ್ಲದ ವಿಳಾಸಕ್ಕೆ ಹೋಗುತ್ತದೆ, ಕರೆ ಮಾಡಿದವರಿಗೆ ಕೇಂದ್ರವೇ ರಿಂಗ್ ಕೇಳಿಸುತ್ತಿರುತ್ತದೆ.

ಸಂಜೆಯ ಪ್ರಾರ್ಥನೆಗೆ ಶಂಖ ಊದಿದೊಡನೆ ಸಮಿತಿಯ ಮನೆ ನೋಡಿಕೊಳ್ಳುವ ಸೀವಾ ಅತ್ತೆ ಪ್ಲಗ್ ಕೀಳುತ್ತಾರೆ, ಮುಗಿದ ಮೇಲೆ ಮತ್ತೆ ಹಾಕುತ್ತಾರೆ. ಹಿಂದೊಮ್ಮೆ ಕೀರ್ತನೆಯ ನಡುವೆ ಫೋನ್ ಬಡಿದುಕೊಂಡು ಸಮಿತಿಯೇ ಊರಿಗೆ ಹಂದಿ ದಂಡ ಕೊಡಬೇಕಾಯಿತಲ್ಲ, ಆ ಭಯ. ನೀವು ಪಾಳಿಗೆ ಹೊರಡುವ ಮುನ್ನ ಕರೆ ಮಾಡುತ್ತಿದ್ದುದು ಪ್ರಾರ್ಥನೆ ಮುಗಿದ ಸ್ವಲ್ಪ ಹೊತ್ತಿಗೆ. ಹಳೆಯ ವಿಳಾಸ ಬೇಗ ತೀರಲೆಂದು ನಾನು ನೋಂದಣಿಯ ಅವಧಿಯನ್ನು ತಗ್ಗಿಸಿದೆ; ಕೇಂದ್ರ ಅದನ್ನು ತಾನೇ ಮೊದಲಿನಷ್ಟಕ್ಕೆ ಏರಿಸಿತು. ಕಂಪನಿಗೆ ಬರೆದೆ, "ನಮ್ಮ ಕಡೆ ಎಲ್ಲ ಸರಿಯಿದೆ" ಎಂದು ಉತ್ತರಿಸಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ರಿಂಗ್ ಆಗದಂತೆ ಮಾಡಿ, ಪ್ಲಗ್ ಕಿತ್ತರೂ ಆರದಿರಲೆಂದು ಬ್ಯಾಟರಿ ಜೋಡಿಸಿದೆ. ಮರುದಿನ ಸೀವಾ ಅತ್ತೆ ನನ್ನನ್ನು ಕರೆದು, "ಲೋ, ಇನ್ನೊಂದು ವೈರ್ ಮರ್ತು ಹೋಗಿದ್ದೆ ನೀನು. ಪುಣ್ಯ, ನಾನು ನೋಡ್ದೆ. ಎರಡೂ ಕಿತ್ತೆ" ಎಂದರು. ಅವರ ಮುಖದ ಸಂತೋಷ ನೋಡಿ ಬ್ಯಾಟರಿ ಬಿಚ್ಚಿಕೊಂಡು ಬಂದೆ.

ಕೊನೆಗೆ ಊರ ಸಭೆಗೆ ಹೋಗಿ ಕೈಕಟ್ಟಿ ಕುಳಿತು, ಪ್ಲಗ್ ಕೀಳಿಸಬೇಡಿ ಎಂದು ಬೇಡಿಕೊಂಡೆ. ಮುಖ್ಯಸ್ಥರಾದ ಲೆಇಲುವಾ ಸಾವಧಾನವಾಗಿ ಕೇಳಿ, "ಅಲ್ಲಪ್ಪಾ, ಊರೆಲ್ಲ ದೇವ್ರ ಮುಂದೆ ಕಣ್ಮುಚ್ಚಿ ಕೂತ್ಕೊಳತ್ತೆ, ನಿನ್ ಡಬ್ಬ ಅಷ್ಟು ಹೊತ್ತು ಸುಮ್ನಿದ್ರೆ ಸತ್ತೋಗತ್ತಾ?" ಎಂದರು. ಎಲ್ಲರೂ ನಕ್ಕರು. ಅದು ಸಾಯುತ್ತದೆ ಎಂಬುದೇ ಸರಿಯಾದ ಉತ್ತರವಾಗಿತ್ತು. ನಾನೂ ನಕ್ಕೆ. ಈ ಕರಾವಳಿಯ ಇಷ್ಟೂ ಊರಿನ ಫೋನುಗಳನ್ನು ನೋಡಿಕೊಳ್ಳುವವನಿಗೆ ತನ್ನ ತಾಯಿಯ ಒಂದು ಫೋನನ್ನು ಕಾಪಾಡಲಾಗಲಿಲ್ಲ.

ಭಾವನಿಗೆ ನನ್ನ ನಮಸ್ಕಾರ, ಮಕ್ಕಳ ತಲೆಗೆ ಅಮ್ಮನ ಕೈ. ನಿಮ್ಮ ಪಾಳಿಗಳು ಹಗುರಾಗಲಿ, ದೇವರು ಜೊತೆಗಿರಲಿ.

ನಿಮ್ಮ ತಮ್ಮ,
ಎತೆವಾತಿ

ಮ.ವಿ.: ಪಾದ್ರಿಯವರ ಹೆಂಡತಿ ಹೊರಡುವ ಬಸ್ಸು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಅಮ್ಮನ ಪಾದ ಕಪ್ಪಾಗುತ್ತಿದೆ. ತಡಮಾಡದೆ ಅಪಿಯಾದ ಆಸ್ಪತ್ರೆಗೆ ಸೇರಿಸಿ, ಇಲ್ಲವಾದರೆ ಜೀವಕ್ಕೇ ಅಪಾಯ ಎಂದು ನರ್ಸ್ ಹೇಳಿದ್ದಾರೆ. ಅಮ್ಮ ಫೋನಿನ ಪಕ್ಕದ ಹಾಸಿಗೆ ಬಿಟ್ಟು ಏಳುವುದಿಲ್ಲ. "ನಾನು ಅತ್ಲಾಗೆ ಹೋದಾಗ್ಲೇ ಅವ್ಳು ಫೋನ್ ಮಾಡಿದ್ರೆ? ಈ ಸಲಾನೂ ಎತ್ಲಿಲ್ಲ ಅಂದ್ಕೊಳಲ್ವಾ?" ಎನ್ನುತ್ತಾರೆ. ಪಾದ್ರಿಯವರು ಹೇಳಿ ನೋಡಿದರು, ನಾನು ಅತ್ತು ನೋಡಿದೆ. ಅಕ್ಕಾ, ಪತ್ರ ಕೈಸೇರಿದ ದಿನವೇ, ಡಬ್ಬ ಎಚ್ಚರವಿರುವ ಮಧ್ಯಾಹ್ನದ ಹೊತ್ತಿನಲ್ಲಿ, ಅಮ್ಮನಿಗೆ ಕರೆ ಮಾಡಿ. ಏನೂ ಮಾತಾಡಬೇಕಿಲ್ಲ, ಹೊರಡು ಎಂದಷ್ಟೇ ಹೇಳಿ.